ಬಯಕೆಯ ತೊಟ್ಟಿಲು

ಬಸುರಿಗೆ ಏನು ಬಯಕೆ ಎಂದು ಕೇಳಿದರೆ ನಮ್ಮ ಕಡೆಯ ಹೆಂಗಸರು ಹುಣಸೆಕಾಯಿ ಎನ್ನುತ್ತಾರೆ, ಕರ್ಜಿಕಾಯಿ ಎನ್ನುತ್ತಾರೆ, ಸಂಕೋಚದವರಾದರೆ ಕೆಮ್ಮಣ್ಣು ಎಂದು ಕಿವಿಯಲ್ಲಿ ಹೇಳುತ್ತಾರೆ. ನಮ್ಮಕ್ಕ ಮಾತ್ರ ತೊಟ್ಟಿಲು ಹತ್ತಬೇಕು ಎಂದಳು.

ಹಾಗೆಂದದ್ದು ಫೋನಿನಲ್ಲಿ. ಬಾಗೂರಿನಲ್ಲಿ ನಮ್ಮಪ್ಪನದು ಹಿಟ್ಟಿನ ಗಿರಣಿ. ಗಿರಣಿ ಓಡುವಾಗ ಫೋನು ಬಂದರೆ ಅಪ್ಪ ಅರ್ಧ ಕೇಳಿಸಿಕೊಂಡು ಇನ್ನರ್ಧವನ್ನು ತಾನೇ ಕಟ್ಟಿಕೊಳ್ಳುತ್ತಿದ್ದ. ಅವತ್ತು ಮೈತುಂಬ ಹಿಟ್ಟು ಮೆತ್ತಿಕೊಂಡೇ ಮನೆಗೆ ಬಂದು, "ನಿನ್ನ ಮಗಳಿಗೆ ತೊಟ್ಟಿಲು ಬೇಕಂತೆ ಕಣೇ" ಎಂದು ಅವ್ವನಿಗೆ ಹೇಳಿದವನೇ ಅಟ್ಟ ಹತ್ತಿದ. ನಾನೂ ಅಕ್ಕನೂ ಮಲಗಿ ಬೆಳೆದ ಮರದ ತೊಟ್ಟಿಲನ್ನು ಇಳಿಸಿ, ಧೂಳು ಒರೆಸಿ, ಎಣ್ಣೆ ಬಟ್ಟೆಯಲ್ಲಿ ಉಜ್ಜಿ, ನಡುಮನೆಯ ತೊಲೆಗೆ ತೂಗುಹಾಕಿಬಿಟ್ಟ. ಹಿತ್ತಲಿಂದ ಬಂದ ಅವ್ವ ಅದನ್ನು ನೋಡಿ ಎದೆ ಎದೆ ಬಡಿದುಕೊಂಡಳು.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಅಂತಾರಲ್ಲ, ಅದು ನೀನೇ ನೋಡು. ಅವಳಿಗಿನ್ನೂ ಮೂರು ತುಂಬಿಲ್ಲ. ಈಗ್ಲೇ ಯಾರಾದ್ರೂ ತೊಟ್ಟಿಲು ಇಳಿಸ್ತಾರೇನು?"

ಇಳಿಸಿದ್ದನ್ನು ಮತ್ತೆ ಏರಿಸುವುದು ಇನ್ನೂ ಅಪಶಕುನ. ಖಾಲಿ ತೊಟ್ಟಿಲು ಗಾಳಿಗೆ ತೂಗಿದರಂತೂ ಅದರಲ್ಲಿ ಮಲಗಬೇಕಾದ ಕೂಸಿಗೆ ಆಗಿಬರುವುದಿಲ್ಲ. ಅವ್ವ ಒರಳಿನ ಗುಂಡುಕಲ್ಲನ್ನು ಹಳೇ ಸೀರೆಯಲ್ಲಿ ಸುತ್ತಿ ಅದರೊಳಗೆ ಮಲಗಿಸಿದಳು. ನಾಮಕರಣದಲ್ಲಿ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವ ಕಲ್ಲು ಅದು. ನಮ್ಮ ಮನೆಯಲ್ಲಿ ಕೂಸಿಗಿಂತ ಎಷ್ಟೋ ತಿಂಗಳು ಮೊದಲೇ ಬಂದು ಮಲಗಿತು.

ಮರುದಿನ ಅಕ್ಕ ಮತ್ತೆ ಫೋನು ಮಾಡಿದಾಗಲೇ ಅವಳು ಕೇಳಿದ್ದು ಯಾವ ತೊಟ್ಟಿಲು ಎಂದು ತಿಳಿದದ್ದು. ಅವಳನ್ನು ಕೊಟ್ಟಿದ್ದು ಜವನಗೊಂಡನಹಳ್ಳಿಗೆ. ಹೈವೇ ಅಗಲ ಮಾಡಿದ ಹೊಸತರಲ್ಲಿ ಆ ಊರಿಗೂ ಹಿರಿಯೂರಿಗೂ ನಡುವೆ ಯಾರೋ ಹೊಲ ಸಮ ಮಾಡಿಸಿ, ಸುತ್ತ ಕಾಂಪೌಂಡ್ ಎಬ್ಬಿಸಿ, ಆಟದ ಪಾರ್ಕು ಮಾಡಿದ್ದರು. ಹಡಗಿನ ಹಾಗೆ ತೂಗುವ ಕೊಲಂಬಸ್, ಕಾರಿಗೆ ಕಾರು ಗುದ್ದುವ ಆಟ, ನೀರಿಗೆ ಜಾರುವ ಜಾರುಬಂಡೆ, ಮಕ್ಕಳ ರೈಲು. ಎಲ್ಲಕ್ಕಿಂತ ಎತ್ತರಕ್ಕೆ ಜೈಂಟ್ ವೀಲ್. ನಮ್ಮ ಜನ ಅದನ್ನು ಯಾವತ್ತೂ ಜೈಂಟ್ ವೀಲ್ ಅಂದವರಲ್ಲ. ತೊಟ್ಟಿಲು ಎಂದೇ ಅನ್ನುವುದು. ಹಿರಿಯೂರಿಗೆ ಹೋಗಿಬರುವಾಗೆಲ್ಲ ಅಕ್ಕ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದ್ದಳು.

ಈ ಬಸಿರಿನ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಅಕ್ಕನಿಗೆ ಅದಕ್ಕೂ ಮುಂಚೆ ಎರಡು ಸಲ ಹೋಗಿತ್ತು, ಎರಡೂ ಸಲ ಮೂರು ತುಂಬುವುದರೊಳಗೆ. ಆ ವರ್ಷದ ಯುಗಾದಿಗೆ ಅವಳ ಅತ್ತೆ ನಮ್ಮ ಮನೆಗೆ ಬಂದು, ಊಟ ಮುಗಿಸಿ, ಎಲೆಗೆ ಸುಣ್ಣ ಹಚ್ಚುತ್ತ ಅಪ್ಪನಿಗೆ ಹೇಳಿದ್ದರು: "ಇದೊಂದು ಸಲ ನೋಡ್ತೀವಿ ಬೀಗ್ರೆ. ಇದೂ ನಿಲ್ಲಲಿಲ್ಲ ಅಂದ್ರೆ ಹೊಳಲ್ಕೆರೇಲಿ ನಮ್ಮಣ್ಣನ ಮಗಳು ಐತೆ. ನಮಗೂ ಒಬ್ನೇ ಮಗ, ನೋಡ್ರಿ."

ಜಗಳ ಮಾಡಿ ಹೇಳಿದ್ದರೆ ನಾನೂ ಎದುರು ಜಗಳ ಮಾಡುತ್ತಿದ್ದೆ. ಅವರು ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತ, ಮಳೆ ಬೆಳೆ ಮಾತಾಡುವ ದನಿಯಲ್ಲೇ ಅಂದರು. ಅಪ್ಪ "ಆಗ್ಲಿ ಬಿಡ್ರಿ, ದೇವ್ರು ದೊಡ್ಡೋನು" ಎಂದ. ಆ ಉತ್ತರದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆಗ ನಾನು ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದೆ. ದುರ್ಗದಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಿ ಎಂದು ಎರಡೂ ಮನೆಯವರಿಗೆ ಹೇಳಿದ್ದೆ. ಗೋಡೆಗೆ ಹೇಳಿದ ಹಾಗಾಯಿತು. ತಾಯತ ಕಟ್ಟಿಸಿಯಾಗಿದೆ, ಮೂರು ತುಂಬಲಿ, ಆಮೇಲೆ ನೋಡೋಣ ಎಂದರು.

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿಗೆ ಕಿವಿ ಸೋರುತ್ತದೆ, ತೀರಿಸಬೇಕಾದವರು ತವರಿನವರು. ಆದರೆ ಬಸುರಿಯನ್ನು ಆಕಾಶದಲ್ಲಿ ಗಿರಗಿರ ತಿರುಗಿಸುವುದು ಹೇಗೆ? ಅವ್ವ ಎರಡು ದಿನ ಯೋಚಿಸಿ ದಾರಿ ಕಂಡುಹಿಡಿದಳು. ಹೊಟ್ಟೆಯೊಳಗಿನ ಕೂಸು ತಾಯಿಯ ಕಣ್ಣಿನಿಂದ ಲೋಕ ನೋಡುತ್ತದೆ. ಅಕ್ಕ ಬೆಂಚಿನ ಮೇಲೆ ಕುಳಿತು ನೋಡಲಿ, ಅವಳ ಪರವಾಗಿ ನಾವೆಲ್ಲ ಒಂದೂ ಬಿಡದೆ ಎಲ್ಲ ಆಟ ಹತ್ತೋಣ. ಬೀಗತಿಯರಿಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಇದೊಂದು ಮಾತಿಗೆ ಮಾತ್ರ ಅಕ್ಕನ ಅತ್ತೆಯೂ "ಖರೆ ಐತ್ರಿ" ಎಂದು ಒಪ್ಪಿದರು.

ಹೀಗೆ ಒಂದು ಭಾನುವಾರ ನಾವು ಮೂವರು ಹೊಸದುರ್ಗ, ಹಿರಿಯೂರು ಬಸ್ಸು ಬದಲಿಸಿ ಪಾರ್ಕಿನ ಮುಂದೆ ಇಳಿದೆವು. ಅಕ್ಕ, ಭಾವ, ಅತ್ತೆ ಆಗಲೇ ಬಂದು ಗೇಟಿನ ನೆರಳಲ್ಲಿ ನಿಂತಿದ್ದರು. ಅಕ್ಕನ ಮುಖ ಬಿಳಿಚಿತ್ತು. ಇದೇನೇ ಹಿಂಗಾಗಿದೀಯ ಎಂದೆ. "ಬಸುರಿ ಮುಖ ಹಂಗೇ ಇರ್ತತೆ, ದೃಷ್ಟಿ ಹಾಕ್ಬ್ಯಾಡ" ಎಂದು ಅವ್ವ ನನ್ನ ಕೈಗೆ ಊಟದ ಚೀಲ ಕೊಟ್ಟಳು.

ಗೇಟಿನವನು ಆ ಚೀಲವನ್ನು ತಡೆದ. ಹೊರಗಿನ ಊಟ ಒಳಗೆ ಬಿಡುವ ಹಾಗಿಲ್ಲವಂತೆ. ಅವ್ವ ಅವನಿಗೆ, "ಇದು ಬಯಕೆ ಊಟ ಕಣಪ್ಪ. ಬಸುರಿ ಬುತ್ತಿ ತಡೆದ್ರೆ ನಿನ್ ಹೊಟ್ಟೆಗಾಗಲ್ಲ" ಎಂದಳು. ಅವನು ಹೆದರಿದನೋ, ಅವನ ಮನೆಯಲ್ಲೂ ಅಂಥ ಅವ್ವ ಇದ್ದಳೋ, ಬಿಟ್ಟುಬಿಟ್ಟ. ಅವತ್ತು ಪಾರ್ಕಿನಲ್ಲಿ ಟಿಕೆಟ್ ಹರಿಯುವವನಿಂದ ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವ್ವ ತನ್ನ ಮಗಳು ಬಸುರಿ ಎಂದು ಹೇಳಿಕೊಂಡೇ ನಡೆದಳು. ಮೂರು ತುಂಬುವ ತನಕ ಬಾಯಿ ಬಿಡಬಾರದು ಎಂದು ಊರಲ್ಲಿ ನನ್ನ ಬಾಯಿ ಕಟ್ಟಿದ್ದವಳೂ ಇವಳೇ.

ಬೇವಿನ ಗಿಡದ ಕೆಳಗೆ ಸಿಮೆಂಟಿನ ಬೆಂಚಿತ್ತು. ಅತ್ತೆ ಮನೆಯಿಂದ ತಂದಿದ್ದ ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಹಾಸಿ, ಸೊಸೆಗೆ "ಕುಂತ್ಕಳವ್ವ" ಎಂದರು. ಇದನ್ನೂ ನಾನು ಹೇಳಬೇಕು; ಅವರು ಅವಳನ್ನು ಹೊಡೆದು ಬಡಿದು ಮಾಡಿದವರಲ್ಲ. ಅವರ ಅಕ್ಕರೆ ಹೊಟ್ಟೆಗಿತ್ತು, ಹೊಟ್ಟೆ ಹೊತ್ತವಳಿಗೆ ಅದರಲ್ಲಿ ಒಂದಿಷ್ಟು ಸಿಗುತ್ತಿತ್ತು.

ಆಟ ಶುರುವಾಯಿತು. ಕೊಲಂಬಸ್ ಹಡಗು ಮೇಲೇರಿದಾಗಲೆಲ್ಲ ಅವ್ವ ಮನೆದೇವರು, ಊರದೇವರು, ಬೀಗರ ಮನೆ ದೇವರು ಎಲ್ಲರನ್ನೂ ಕರೆದಳು. ಇಳಿದವಳು ಸೆರಗು ಸರಿಮಾಡಿಕೊಳ್ಳದೆ ಬೆಂಚಿನ ಹತ್ತಿರ ಓಡಿ, "ನೋಡ್ದೇನೆ? ಆತಾ?" ಎಂದಳು. ಬಯಕೆ ತೀರಿತಾ ಎಂದು.

"ಆತವ್ವ" ಎಂದಳು ಅಕ್ಕ.

ಕಾರು ಗುದ್ದುವ ಆಟದಲ್ಲಿ ಅಪ್ಪ ಹುಟ್ಟಿದ ಮೇಲೆ ಮೊದಲ ಸಲ ಸ್ಟೀರಿಂಗ್ ಹಿಡಿದ. ಸುತ್ತ ಎಲ್ಲರೂ ಢಿಕ್ಕಿ ಹೊಡೆದು ನಗುತ್ತಿದ್ದರೆ ಇವನು ಎಡಗಡೆಯೇ ಹೋಗುತ್ತ, ಎದುರು ಬಂದವರಿಗೆ ಕೈ ತೋರಿಸಿ ದಾರಿ ಬಿಡುತ್ತ, ಮದುವೆ ದಿಬ್ಬಣ ಕರೆದೊಯ್ಯುವವನ ಗಾಂಭೀರ್ಯದಲ್ಲಿ ಸುತ್ತು ಹಾಕಿದ. ಬೆಲ್ ಹೊಡೆದಾಗ ಇಳಿದು ಬಂದು, "ಒಬ್ರಿಗೂ ತಾಗಿಸ್ಲಿಲ್ಲ ನೋಡು" ಎಂದು ಅಕ್ಕನ ಮುಂದೆ ಎದೆಯುಬ್ಬಿಸಿದ. ಅವತ್ತು ಅಕ್ಕ ನಕ್ಕದ್ದು ಅದೊಂದೇ ಸಲ. ಅವ್ವ ಹಿಂದಿನಿಂದಲೇ, "ಇದೂ ಆತಾ?" ಎಂದಳು. "ಆತು" ಎಂದಳು ಅಕ್ಕ.

ಅತ್ತೆ ಮಕ್ಕಳ ರೈಲು ಹತ್ತಿದರು. ಭಾವ ನೀರಿನ ಜಾರುಬಂಡೆಯಲ್ಲಿ ಪ್ಯಾಂಟು ಹರಿದುಕೊಂಡ. ಅವನು ಕೆಟ್ಟವನಲ್ಲ. ಏನು ಕೇಳಿದರೂ ಮೊದಲು ತಾಯಿಯ ಮುಖ ನೋಡುವವನು, ಅಷ್ಟೇ. ನಡುವೆ ಎಲ್ಲೋ ಮಾಯವಾಗಿ, ಬಣ್ಣದ ಕಾಗದದ ಗಿರಗಿಟ್ಟಲೆಯೊಂದನ್ನು ಕೊಂಡು ತಂದು ಅಂಗಿ ಜೇಬಿಗೆ ಸಿಕ್ಕಿಸಿಕೊಂಡಿದ್ದ. ಯಾರಿಗೆ ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಒಂದು ಸಲ ಬೆಂಚಿನ ಮೇಲೆ ಅಕ್ಕನ ಪಕ್ಕ ನಾನೊಬ್ಬಳೇ ಇದ್ದೆ. "ನಿಂಗೆ ತೊಟ್ಟಿಲು ಹತ್ತಬೇಕು ಅಂತ ಯಾಕನ್ನಿಸ್ತೇ?" ಎಂದು ಕೇಳಿದೆ.

"ಅಷ್ಟು ಮೇಲಕ್ಕೆ ಹೋದ್ರೆ ಬಾಗೂರು ಕಾಣ್ಬೋದೇನೋ ಅಂತ" ಎಂದಳು. "ಗುಡಿ ಗೋಪುರ ಕಂಡ್ರೂ ಸಾಕಾಗಿತ್ತು."

"ಬಾಗೂರು ಎಲ್ಲಿ, ಇದೆಲ್ಲಿ? ನಡುವೆ ಮಾರಿಕಣಿವೆ ಗುಡ್ಡ ಇಲ್ವೇನೇ?"

"ಗೊತ್ತು ಬಿಡು" ಎಂದವಳು ಎದ್ದು ಬಚ್ಚಲ ಕಡೆಗೆ ಹೋದಳು. ಬೆಳಗಿಂದ ಎಷ್ಟೋ ಸಲ ಹೋಗಿಬಂದಿದ್ದಳು. ಬಸುರಿಗೆ ಅದೂ ಸಹಜ ಎಂದು ಅವ್ವ ಮೊದಲೇ ಹೇಳಿದ್ದರಿಂದ ನಾನು ಹಿಂದೆ ಹೋಗಲಿಲ್ಲ.

ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ ಬಿಚ್ಚಿದೆವು. ಭಾವ ಪಕ್ಕದ ಗಾಡಿಯಿಂದ ಹೆಚ್ಚಿದ ಹಣ್ಣಿನ ತಟ್ಟೆ ತಂದಿಟ್ಟ. ಅದರಲ್ಲಿ ಪರಂಗಿ ಹೋಳುಗಳಿದ್ದವು. ನಾವು ನೋಡನೋಡುತ್ತಿದ್ದಂತೆ ಅಕ್ಕ ಒಂದು ಹೋಳು ತೆಗೆದು ಬಾಯಿಗಿಟ್ಟಳು. ಅವ್ವ ಕಿಟಾರನೆ ಕಿರುಚಿದಳು. "ಉಗುಳೇ! ಪರಂಗಿ ಕಣೇ ಅದು, ಬಸುರಿ ತಿನ್ನೋದೇನು ಅದನ್ನ? ಉಗುಳು!" ಎಂದು ಅಂಗೈ ಒಡ್ಡಿದಳು. ಅಕ್ಕ ಅಗಿದು ನುಂಗಿದಳು. ಮರೆತುಹೋತು ಎಂದಳು. ಮರೆತವಳ ಗಾಬರಿ ಅವಳ ಮುಖದಲ್ಲಿರಲಿಲ್ಲ. ಅತ್ತೆ ರೊಟ್ಟಿ ಮುರಿಯುವ ಕೈಯನ್ನು ನಿಲ್ಲಿಸಿ ಸೊಸೆಯನ್ನೇ ನೋಡುತ್ತ ಕುಳಿತರು. ಆಮೇಲೆ ಅವರು ಯಾವ ಆಟವನ್ನೂ ಹತ್ತಲಿಲ್ಲ, ಮಂಡಿ ನೋವು ಎಂದರು.

ಕೊನೆಗೆ ಉಳಿದದ್ದು ತೊಟ್ಟಿಲು. ಬಿಸಿಲಿಗೆ ಜನ ಕರಗಿಹೋಗಿದ್ದರು. ದೂರದಿಂದ ನೋಡಿದವರು ಬರಲಿ ಎಂದು ಅದನ್ನು ನಡೆಸುವವನು ಒಬ್ಬರೂ ಇಲ್ಲದೆ ಖಾಲಿಯಾಗಿಯೇ ಸುತ್ತಿಸುತ್ತಿದ್ದ. ಒಂದೊಂದು ತೊಟ್ಟಿಲೂ ಮೇಲೆ ಹೋಗಿ, ತುದಿಯಲ್ಲಿ ಒಂದಿಷ್ಟು ತೂಗಿ, ಕೆಳಗೆ ಬರುತ್ತಿತ್ತು. ಅವ್ವ ಅದನ್ನು ನೋಡಿದವಳೇ ಬಿಸಿಲಲ್ಲಿ ಓಡಿದಳು.

"ಏ, ನಿಲ್ಸಪ್ಪ! ಖಾಲಿ ತೊಟ್ಟಿಲು ತೂಗಬಾರ್ದು, ನಿಲ್ಸು!"

"ಅಮ್ಮಾ, ಇದು ಜೈಂಟ್ ವೀಲು" ಎಂದು ಅವನು ನಕ್ಕ.

"ಏನಾದ್ರೂ ಆಗ್ಲಿ. ಅಲ್ಲಿ ಬಸುರಿ ನೋಡ್ತಾ ಕುಂತವಳೆ. ನಿಲ್ಸು ಅಂದ್ರೆ ನಿಲ್ಸು."

ಅವನು ನಿಲ್ಲಿಸಿದ. ಅವ್ವನಿಗೆ ಅದು ಸಾಲಲಿಲ್ಲ. ಎಲ್ಲ ತೊಟ್ಟಿಲನ್ನೂ ತುಂಬಿಸಲು ನಮ್ಮ ಸಂಸಾರ ಸಾಲದು, ಆದಷ್ಟಾದರೂ ತುಂಬಲಿ ಎಂದು ಒಬ್ಬೊಬ್ಬರನ್ನು ಒಂದೊಂದರಲ್ಲಿ ಕೂರಿಸತೊಡಗಿದಳು. ಅಪ್ಪ ಒಂದರಲ್ಲಿ ಕುಳಿತು ಮೇಲೆ ಹೋದ. ಭಾವ ಇನ್ನೊಂದರಲ್ಲಿ, ಜೇಬಿನ ಗಿರಗಿಟ್ಟಲೆಯನ್ನು ಕೈಯಲ್ಲಿ ಹಿಡಿದುಕೊಂಡು. ಆಮೇಲೆ ನಾನು. ನನ್ನದು ನೆಲದಿಂದ ಒಂದಾಳೆತ್ತರ ಏರಿ ನಿಂತಿತು. ಮುಂದಿನದರಲ್ಲಿ ಅವ್ವ ತಾನೇ ಕೂರಬೇಕೆಂದು ಸೀರೆ ನೆರಿಗೆ ಎತ್ತಿ ಹಿಡಿದಿದ್ದಳು.

ಆಗ ಅಕ್ಕ ಬೆಂಚಿನಿಂದ ಎದ್ದಳು. ಗರ್ಭಿಣಿಯರು ಹತ್ತಬಾರದು ಎಂದು ಬರೆದ ತಗಡಿನ ಬೋರ್ಡನ್ನು ದಾಟಿ, ನೆಟ್ಟಗೆ ನನ್ನ ಕೆಳಗಿನ ತೊಟ್ಟಿಲಿಗೆ ಬಂದಳು. ನಡೆಸುವವನು ಕೈ ಅಡ್ಡ ಹಿಡಿದ.

"ಅಕ್ಕಾ, ನೀವು ಬ್ಯಾಡ್ರಿ. ನಿಮ್ಮಮ್ಮ ಆಗ್ಲೇ ಹೇಳ್ಯಾರೆ."

"ಈಗ ಏನಿಲ್ಲಪ್ಪ. ಕದ ತೆಗಿ."

ಅವ್ವ ಅವಳ ರಟ್ಟೆ ಹಿಡಿದಳು. "ಲೇ, ಹುಚ್ಚಿ, ಏನ್ ಮಾಡ್ತಿದೀಯ? ಹೊಟ್ಟೇಲಿ ಕೂಸೈತೆ!"

"ಮೊನ್ನೆನೇ ಆತವ್ವ" ಎಂದಳು ಅಕ್ಕ. ದನಿ ಏರಿಸಲಿಲ್ಲ. "ಬೆಳಗಿಂದ ನೀನು ಕೇಳ್ತಾನೇ ಇದೀಯ, ನಾನು ಹೇಳ್ತಾನೇ ಇದೀನಿ. ಖಾಲಿ ತೊಟ್ಟಿಲು ತೂಗಬಾರ್ದು ಅಂದ್ಯಲ್ಲ, ನಾನು ಕುಂತ್ಕಂತೀನಿ. ಬಿಡು."

ಅವ್ವನ ಕೈ ತಾನಾಗಿ ಬಿಟ್ಟಿತು. ಅಕ್ಕ ಒಳಗೆ ಕುಳಿತಳು, ಅವನು ಕಂಬಿ ಹಾಕಿದ, ಚಕ್ರ ತಿರುಗಿತು.

ಮೇಲೆ ಹೋಗುವಾಗ ನಾನು ಕತ್ತು ಹೊರಳಿಸಿ ಅವಳನ್ನೇ ನೋಡುತ್ತಿದ್ದೆ. ಅವಳು ಅಳಲಿಲ್ಲ. ಎರಡೂ ಕೈಯಲ್ಲಿ ಕಂಬಿ ಹಿಡಿದು ಹೊಸದುರ್ಗದ ದಿಕ್ಕಿಗೆ ಮುಖ ಮಾಡಿದ್ದಳು. ಅಲ್ಲಿ ಏನೂ ಇರಲಿಲ್ಲ. ಜಾಲಿ, ಕೆಂಪು ನೆಲ, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು, ಅದರಾಚೆ ಬಿಸಿಲ ಮಬ್ಬು. ಬಾಗೂರೂ ಇಲ್ಲ, ಗೋಪುರವೂ ಇಲ್ಲ. ನಮಗಿಂತ ಮುಂದಿನ ತೊಟ್ಟಿಲಲ್ಲಿ ಭಾವನ ಕೈಯ ಗಿರಗಿಟ್ಟಲೆ ಗಾಳಿಗೆ ಭರ್‍ರೆಂದು ಸುತ್ತುತ್ತಿತ್ತು. ಅವನಿಗಿನ್ನೂ ಗೊತ್ತಿರಲಿಲ್ಲ. ಎಲ್ಲರಿಗಿಂತ ಮುಂದಿದ್ದ ಅಪ್ಪನಿಗೂ ಗೊತ್ತಿರಲಿಲ್ಲ. ಅವನು ಚಕ್ರದ ತುದಿ ಮುಟ್ಟಿದಾಗ, ಅಕ್ಕ ಇನ್ನೂ ಬೆಂಚಿನ ಮೇಲೇ ಇದ್ದಾಳೆಂದು ತಿಳಿದು, ಸಂತೋಷದಲ್ಲಿ ಟವಲು ಬೀಸುತ್ತ ಬೇವಿನ ಗಿಡದ ಕಡೆಗೆ ಕೂಗಿದ:

"ನೋಡ್ದೇನವ್ವಾ? ಆತಾ?"

ಕೆಳಗೆ ಅತ್ತೆ ಬೆಂಚಿನ ಮೇಲಿನ ಜಮಖಾನೆ ತೆಗೆದು, ಒಂದು ಸಲ ಕೊಡವಿ, ಮಡಿಸಿ ಕಂಕುಳಲ್ಲಿ ಇಟ್ಟುಕೊಳ್ಳುವುದು ನನಗೆ ಮೇಲಿನಿಂದ ಕಂಡಿತು. ಅವರು ಪರಂಗಿ ಹೋಳಿನ ಹೊತ್ತಿಗೇ ತಿಳಿದುಕೊಂಡಿದ್ದರು. ನಮ್ಮವ್ವ ಚಕ್ರದ ಸುತ್ತಲಿನ ಬೇಲಿಯ ಕಂಬಿಗೆ ಹಣೆ ಹಚ್ಚಿ ನಿಂತಿದ್ದಳು.

ಇಳಿದ ಮೇಲೆ ಜಗಳವಾಗಲಿಲ್ಲ. ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅತ್ತೆ ಅಕ್ಕನ ತಲೆ ಸವರಿ, "ತವರಲ್ಲಿ ನಾಕು ದಿನ ಇದ್ದು ಸುಧಾರಿಸ್ಕಳ್ಳಲಿ ಬಿಡ್ರಿ" ಎಂದರು. ಭಾವ ತಾಯಿಯ ಮುಖ ನೋಡಿದ. ಆಮೇಲೆ ಗಿರಗಿಟ್ಟಲೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಬೆಂಚಿನ ಸಂದಿಗೆ ಸಿಕ್ಕಿಸಿದ. ಅವರಿಬ್ಬರೂ ಆ ಕಡೆ ಬಸ್ಸು ಹತ್ತಿದರು, ನಾವು ನಾಲ್ವರು ಈ ಕಡೆ. ದಾರಿಯುದ್ದಕ್ಕೂ ಅವ್ವ ಅಪ್ಪನನ್ನು ಬಯ್ದಳು. ಮುಂಚೆನೇ ತೊಟ್ಟಿಲು ಇಳಿಸಿದ್ದಕ್ಕೇ ಹಿಂಗಾಯಿತು ಎಂದಳು. ಸಾಯುವ ತನಕ ಹಾಗೇ ನಂಬಿದ್ದಳು. ಅಪ್ಪನೂ ನಂಬಿದ, ಅದೇ ನನಗೆ ಹೊಟ್ಟೆ ಉರಿಯುವುದು.

ಆ ನಾಕು ದಿನ ಇನ್ನೂ ಮುಗಿದಿಲ್ಲ. ಅಕ್ಕನ ಟ್ರಂಕು ಹೊಳಲ್ಕೆರೆಗೆ ಹೋಗುವ ಒಂದು ಲೋಡ್ ಟೆಂಪೋದಲ್ಲಿ ದಾರಿ ಸುತ್ತಿಕೊಂಡು ಬಂದು ನಮ್ಮ ಗಿರಣಿ ಮುಂದೆ ಇಳಿಯಿತು. ಅದೇ ವರ್ಷ ಹೊಳಲ್ಕೆರೆಯ ಹುಡುಗಿ ಆ ಮನೆ ತುಂಬಿದಳು. ಅವಳಿಗೆ ಮಕ್ಕಳಾದವು. ಅಕ್ಕನನ್ನು ನಾನು ಆಮೇಲೆ ಹಟ ಮಾಡಿ ದುರ್ಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, ಮುಂಚೆಯೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು, ಮುಂದಿನ ಸಲ ಮೊದಲ ತಿಂಗಳಲ್ಲೇ ಬನ್ನಿ ಎಂದರು. ಅಕ್ಕ ಆಗಲಿ ಎಂದು ತಲೆಯಾಡಿಸಿ ಹೊರಗೆ ಬಂದು ಚಪ್ಪಲಿ ಹಾಕಿಕೊಂಡಳು.

ಪಾರ್ಕು ಬಹಳ ದಿನ ನಡೆಯಲಿಲ್ಲ. ಜೈಂಟ್ ವೀಲನ್ನು ಬಿಚ್ಚಿ ಗುಜರಿಗೆ ಹಾಕಿದರು. ಹೈವೇಯಲ್ಲಿ ಹೋಗುವಾಗ ಅದರ ಸಿಮೆಂಟ್ ಕಟ್ಟೆ ಈಗಲೂ ಕಾಣುತ್ತದೆ.

ನಮ್ಮ ಮನೆಯ ತೊಟ್ಟಿಲು ಮಾತ್ರ ಮತ್ತೆ ಅಟ್ಟ ಹತ್ತಲಿಲ್ಲ. ಇಳಿಸಿದ್ದನ್ನು ಏರಿಸಬಾರದಲ್ಲ. ರುಬ್ಬಲು ಗುಂಡುಕಲ್ಲು ಬೇಕಾದಾಗ ಅವ್ವ ಅದನ್ನು ತೆಗೆದುಕೊಂಡು, ಖಾಲಿ ಇರಬಾರದೆಂದು ಆ ವರ್ಷದ ಈರುಳ್ಳಿಯನ್ನು ಅದರಲ್ಲಿ ತುಂಬಿದಳು. ಗಾಳಿಯಾಡುವ ಜಾಗ, ಈರುಳ್ಳಿ ಕೊಳೆಯುವುದಿಲ್ಲ. ಅವ್ವ, ಅಪ್ಪ ಇಬ್ಬರೂ ಹೋದ ಮೇಲೆ ಗಿರಣಿಯನ್ನೂ ಈರುಳ್ಳಿಯನ್ನೂ ಅಕ್ಕನೇ ನೋಡಿಕೊಳ್ಳುತ್ತಿದ್ದಾಳೆ. ನಾನು ಊರಿಗೆ ಹೋದಾಗ ಅಡುಗೆಗೆಂದು ಅವಳು ಎದ್ದು ತೊಟ್ಟಿಲಿಗೆ ಕೈಹಾಕುತ್ತಾಳೆ. ಒಂದು ಕೈ ಈರುಳ್ಳಿ ಆರಿಸುವಾಗ ಇನ್ನೊಂದು ಕೈ ತೊಟ್ಟಿಲಿನ ಅಂಚನ್ನು ಬಿಗಿಯಾಗಿ ಹಿಡಿದಿರುತ್ತದೆ, ಅದು ತೂಗದ ಹಾಗೆ.